ಕಾಕಾರ ಖಾರದ ಗಿರಣಿಯ ಪದವೀಧರರು

ನಮ್ಮ ಕಾಕಾರು ಬ್ಯಾಡಗಿಯಲ್ಲಿ ಖಾರದ ಪುಡಿಯ ಕಾರಖಾನೆ ನಡೆಸುತ್ತಾರೆ ಎಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ. ಹೊರಗಿನ ಬೋರ್ಡಿನ ಮೇಲೆ ಹಾಗೆ ಬರೆದಿರುವುದು ನಿಜ. ಒಳಗೆ ಮೆಣಸಿನಕಾಯಿ ಕುಟ್ಟುವ ಯಂತ್ರಗಳಿರುವುದೂ ನಿಜ. ಒಳಹೊಕ್ಕವರು ಸೀನುತ್ತ ಹೊರಬರುವುದಂತೂ ಪರಮಸತ್ಯ. ಆದರೆ ಅಲ್ಲಿಂದ ವರ್ಷಾವರ್ಷ ತಪ್ಪದೆ ತಯಾರಾಗಿ ಹೊರಬೀಳುವ ಮಾಲು ಬಿ.ಎ., ಬಿ.ಕಾಂ., ಎಲ್‌ಎಲ್.ಬಿ.! ಖಾರದ ಪುಡಿಗಾದರೂ ಮಾರ್ಕೆಟ್ಟಿನಲ್ಲಿ ನಾಲ್ಕು ಕಾಸು ಬರುತ್ತದೆ. ಈ ಮಾಲನ್ನು ಕಾಕಾರು ಊರಿಗೆಲ್ಲ ಪುಕ್ಕಟೆ ಹಂಚುತ್ತಾರೆ.

ಸಿಟ್ಟು ಬರಬಾರದೇ? ನೀವೇ ಹೇಳಿ.

ಆ ಕಾರಖಾನೆಯ ಆಫೀಸು ನೋಡಿಕೊಳ್ಳುವವಳು ನಾನು. ರಾಣೇಬೆನ್ನೂರಿನ ನನ್ನ ಮನೆಯಿಂದ ದಿನಾ ಹೋಗಿಬರುತ್ತೇನೆ. ನನ್ನದು ಎಂ.ಬಿ.ಎ. ನನಗೆ ಕಲಿಸಿದವರು ನಮ್ಮಪ್ಪ, ಅವರ ತಮ್ಮನಾದ ಕಾಕಾರಲ್ಲ. ಅದಕ್ಕೇ ಇನ್ನೂ ಅಲ್ಲಿ ಉಳಿದಿದ್ದೇನೆ. ಕಾಕಾರು ಕಲಿಸಿದ್ದರೆ ನಾನೂ ಎಂದೋ ಬಿಟ್ಟು ಹೋಗಿರುತ್ತಿದ್ದೆ!

ಬೇರೆ ಮಾಲೀಕರು ಕೆಲಸದವರನ್ನು ತಡೆದು ನಿಲ್ಲಿಸಿ, "ಯಾಕ ತಡಾ ಮಾಡಿ ಬಂದಿ?" ಎಂದು ಗದರುತ್ತಾರೆ. ನಮ್ಮ ಕಾಕಾರು, "ಯಾಕ ಪಿಯುಸಿಗೆ ಸಾಲಿ ಬಿಟ್ಟಿ?" ಎಂದು ಗದರುತ್ತಾರೆ. ಕೇಳಿಸಿಕೊಂಡವನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಫೀ ಕಟ್ಟಿಯೇ ಬಿಟ್ಟಿರುತ್ತಾರೆ. ಪುಸ್ತಕ ಕಂಪನಿಯದು, ಪರೀಕ್ಷೆಗೆ ರಜೆ ಕಂಪನಿಯದು, ರಜೆಯಲ್ಲೂ ಪಗಾರ ಕಂಪನಿಯದು. ಲಾರಿಗೆ ಚೀಲ ಹೇರುವ ಕೆಲವರು ಕಾಕಾರನ್ನು ಕಂಡರೆ ಸಾಕು, ಮೆಣಸಿನಕಾಯಿ ಚೀಲಗಳ ಹಿಂದೆ ಅಡಗುತ್ತಾರೆ. ಕೆಲಸ ತಪ್ಪಿಸಿಕೊಳ್ಳಲಿಕ್ಕೆ ಅಂದುಕೊಂಡಿರಾ? ಛೆ, ಬಿ.ಎ. ತಪ್ಪಿಸಿಕೊಳ್ಳಲಿಕ್ಕೆ!

ಇನ್ನು ಆ ಪರೀಕ್ಷೆಗಳ ವಿಷಯ. ಯಾವ ಪುಣ್ಯಾತ್ಮರು ವೇಳಾಪಟ್ಟಿ ಮಾಡುತ್ತಾರೋ ಕಾಣೆ, ಮೆಣಸಿನಕಾಯಿ ಸೀಜನ್ನು ನೆತ್ತಿಗೇರಿದಾಗಲೇ ಪರೀಕ್ಷೆಗಳೂ ಬರುತ್ತವೆ. ಬ್ಯಾಡಗಿಯ ರಸ್ತೆಗಳೆಲ್ಲ ಚೀಲದ ಲಾರಿಗಳಿಂದ ತುಂಬಿ, ಸೈಕಲ್ಲು ಕೂಡ ಅಡ್ಡಡ್ಡ ಹೋಗಬೇಕಾದ ಹೊತ್ತಿನಲ್ಲಿ ಒಂದು ದಿನ ನಮ್ಮ ದೊಡ್ಡ ಯಂತ್ರ ಗಪ್ಪಾಯಿತು. ಅದನ್ನು ನಡೆಸುವ ಪರಸಪ್ಪ ಎಲ್ಲಿ ಎಂದು ಹುಡುಕಿದೆ.

"ಅರ್ಥಶಾಸ್ತ್ರ ಪೇಪರ್ ಐತಿ, ಹಾವೇರಿಗೆ ಹೋಗ್ಯಾನ" ಎಂದರು ಕಾಕಾರು, ದೇವರ ಕೆಲಸಕ್ಕೆ ಹೋಗಿದ್ದಾನೆ ಅನ್ನುವ ಧಾಟಿಯಲ್ಲಿ.

"ಇಲ್ಲಿ ನಮ್ಮ ಅರ್ಥ ಮುಳುಗಾಕತ್ತೇತಿ ಕಾಕಾ! ಯಂತ್ರ ಯಾರು ನಡೆಸಬೇಕ್ರಿ?"

"ನಾ ಅದೀನಲ್ಲ!" ಎಂದು ಧೋತರದ ಕಚ್ಚೆ ಮೇಲೆತ್ತಿ ಕಟ್ಟಿದರು. ಆ ದಿನ ಬಂದ ಪುಡಿ ಎಷ್ಟು ದಪ್ಪಗಿತ್ತೆಂದರೆ, ಅದನ್ನು ಸಾರಿಗೆ ಹಾಕುವ ಬದಲು ಹೊಲದಲ್ಲಿ ಬಿತ್ತಬಹುದಿತ್ತು.

ಪರಸಪ್ಪ ಬಿ.ಕಾಂ. ಪಾಸಾದ. ಕಾಕಾರು ಇಡೀ ಕಾರಖಾನೆಗೆ ಪೇಢೆ ಹಂಚಿದರು. ಪೇಢೆಯ ಸಿಹಿ ಬಾಯಲ್ಲಿರುವಾಗಲೇ ಪರಸಪ್ಪ ರಾಣೇಬೆನ್ನೂರಿನ ಬೀಜದ ಕಂಪನಿಯೊಂದಕ್ಕೆ ಲೆಕ್ಕಿಗನಾಗಿ ಹೊರಟುಹೋದ! ಬಿತ್ತಿದವರು ನಾವು, ರಾಶಿ ಮಾಡಿಕೊಂಡವರು ಅವರು. ಹೋಗಲಿ ಬಿಡಿ ಎಂದರೆ, ಆ ಕಂಪನಿಯ ಮಾಲೀಕರು ಒಂದು ಮದುವೆಯ ಪಂಕ್ತಿಯಲ್ಲಿ ನಮ್ಮ ಎದುರಿಗೇ ಕೂತರು. ನಾಚಿಕೆಯಾದರೂ ಬೇಡವೇ?

"ನಿಮ್ಮ ಪರಸಪ್ಪ ಬಾಳ ಚಲೋ ಮನಶ್ಯಾ ಅದಾನ್ರಿ ಸಾವಕಾರ್ರ. ಅಂಥಾವ ಇನ್ನೊಬ್ಬ ತಯಾರಾದ್ರ ಹೇಳ್ರಿ" ಎಂದರು.

ಕಾಕಾರು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಹಿಗ್ಗಿಹೋದರು. "ಹೌದೇನ್ರಿ? ಬರೂ ವರ್ಷ ಒಬ್ಬ ಪಾಸಾಗ್ತಾನ್ರಿ. ಕಳಸ್ತೀನಿ!"

ನಾನು ಗೋಧಿ ಹುಗ್ಗಿಯ ಎಲೆಯನ್ನು ಅಲ್ಲೇ ಮಡಚಿ ಎದ್ದೆ.

ಆದರೆ ಇದೆಲ್ಲ ಮೆಹಬೂಬನ ಮುಂದೆ ಏನೂ ಅಲ್ಲ. ಮೆಹಬೂಬ ನಮ್ಮ ತೂಕದ ಕಾಟಾದ ಹತ್ತಿರ ಕೂರುತ್ತಿದ್ದ ಗುಮಾಸ್ತ. ಮಾತಿನಲ್ಲಿ ಬಲು ಚುರುಕು. ರೈತರೊಂದಿಗೆ ಕನ್ನಡದಲ್ಲಿ, ಲಾರಿ ಡ್ರೈವರುಗಳೊಂದಿಗೆ ಉರ್ದುವಿನಲ್ಲಿ, ನನ್ನೊಂದಿಗೆ ಎರಡರಲ್ಲೂ ಜಗಳವಾಡುತ್ತಿದ್ದ. "ಇವನ ಬಾಯಿ ಕಾಟಾದ ಮುಂದ ಹಾಳಾಗಾಕತ್ತೇತಿ" ಎಂದು ಮರುಗಿದ ಕಾಕಾರು ಅವನನ್ನು ಕಾನೂನು ಓದಿಸಿದರು. ಅವನು ವಕೀಲನಾಗಿ ಹಾವೇರಿ ಸೇರಿದ. ಸರಿ, ಹೋದ, ಇನ್ನಾದರೂ ಪೀಡೆ ಕಳೆಯಿತು ಅಂದುಕೊಂಡೆ.

ಅಷ್ಟರಲ್ಲಿ ಕಾರಖಾನೆಯ ಪಕ್ಕದ ಮನೆಯ ನಿವೃತ್ತ ಮಾಸ್ತರರು ನಮ್ಮ ಮೇಲೆ ದಾವೆ ಹೂಡಿದರು. ನಮ್ಮ ಖಾರದ ಧೂಳಿನಿಂದ ಅವರ ಮನೆಮಂದಿಯೆಲ್ಲ ಬೆಳಗಿನಿಂದ ಬೈಗಿನವರೆಗೆ ಸೀನುತ್ತಾರಂತೆ. ಕೋರ್ಟಿನ ನೋಟೀಸು ಓದುತ್ತ ಹೋದೆ. ಮಾಸ್ತರರ ಪರ ವಕೀಲರ ಹೆಸರು ಬಂದಲ್ಲಿ ನನ್ನ ಕಣ್ಣು ನಿಂತಿತು. ಮೆಹಬೂಬ!

"ಕಾಕಾ! ಉಂಡ ಮನೀಗೆ ಎರಡು ಬಗಿಯೋದಂದ್ರ ಇದ ನೋಡ್ರಿ!" ಎಂದು ಕೂಗಾಡಿದೆ.

ಕಾಕಾರು ಶಾಂತವಾಗಿ ಎಲೆಅಡಿಕೆ ಮೆಲ್ಲುತ್ತ, "ಅವ ನನ್ನ ಕೇಳೇ ಹಿಡದಾನ" ಎಂದರು. "ಮೊನ್ನೆ ಮನೀಗೆ ಬಂದಿದ್ದ. 'ಸಾವಕಾರ್ರ, ಮಾಸ್ತರ್ರು ಬಂದಾರ, ಈ ಕೇಸ್ ಹಿಡೀಲ್ಯೋ ಬಿಡ್ಲ್ಯೋ?' ಅಂದ. 'ಹಿಡಿಯೋ ತಮ್ಮಾ' ಅಂದೆ. ಹೊಸಾ ವಕೀಲಗ ಯಾರು ಲಗೂ ಕೇಸ್ ಕೊಡ್ತಾರವಾ?"

ಇಂಥವರನ್ನು ಏನು ಮಾಡಬೇಕು, ಓದುಗ ಮಹಾಶಯರೇ?

ವಿಚಾರಣೆಯ ದಿನ ನಾನೂ ಹೋದೆ. ಮೆಹಬೂಬ ಕರಿಕೋಟು ತೊಟ್ಟು ಎದ್ದು ನಿಂತು, ಸೀನಿನಿಂದ ಸಂಸಾರಗಳು ಹೇಗೆ ಹಾಳಾಗುತ್ತವೆ ಎಂದು ಕಣ್ಣೀರು ಬರುವಂತೆ ವಾದ ಮಾಡಿದ. ಕಾಕಾರು ಮುಂದಿನ ಬೆಂಚಿನಲ್ಲಿ ಕೂತು, ಸಂಗೀತ ಕಚೇರಿಯಲ್ಲಿ ಕೂತವರ ಹಾಗೆ ತಲೆದೂಗುತ್ತಿದ್ದರು. ಅವರ ಅಂಗಿಯ ಮೇಲಿನ ಖಾರಕ್ಕೆ ಕೋರ್ಟಿನ ಗುಮಾಸ್ತರು ಮೇಲಿಂದ ಮೇಲೆ ಸೀನಿದರು. ಮಾಸ್ತರರಿಗೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ. ನಾವು ಸೋತೆವು. ಧೂಳು ಹೀರುವ ದೊಡ್ಡ ಯಂತ್ರ ಹಾಕಿಸಬೇಕೆಂದು ಹುಕುಂ ಆಯಿತು.

ಹೊರಗೆ ಬಂದ ಕೂಡಲೇ ಕಾಕಾರು ಕಂಡಕಂಡವರಿಗೆಲ್ಲ ಹೇಳತೊಡಗಿದರು: "ನಮ್ಮ ವಕೀಲ ಎಂಥಾ ವಾದ ಮಾಡಿದಾ ಅಂತೀರಿ!"

"ಅವ ನಮ್ಮ ವಕೀಲ ಅಲ್ರಿ ಕಾಕಾ, ಅವರ ವಕೀಲ! ನಮ್ಮ ವಕೀಲ ಸೋತು ಅಲ್ಲಿ ಚಾ ಕುಡ್ಯಾಕತ್ತಾರ!"

"ಯಾರ ವಕೀಲ ಆದ್ರ ಏನವಾ. ಓದಿಸಿದವ್ರು ನಾವಲ್ಲೇನು?"

ಆ ಯಂತ್ರ ಬಂದ ಮೇಲೆ ನಮ್ಮ ಕೆಲಸದವರ ಕೆಮ್ಮೂ ಕಡಿಮೆಯಾಯಿತು, ಗೈರುಹಾಜರಿಯೂ ಕಡಿಮೆಯಾಯಿತು. ಈ ಮಾತು ಬರೆಯುವುದು ನನಗೆ ಇಷ್ಟವಿಲ್ಲ. ನನ್ನ ಸಿಟ್ಟಿಗೆ ಭಂಗ ಬರುತ್ತದೆ. ಇನ್ನೂ ಒಂದು ಒಪ್ಪಿಕೊಳ್ಳಲೇಬೇಕು. ಬೇರೆ ಕಾರಖಾನೆಗಳಲ್ಲಿ ಸೀಜನ್ನಿಗೊಮ್ಮೆ ಮಂದಿ ಬದಲಾಗುತ್ತಾರೆ, ಹೊಸಬರಿಗೆ ಕೆಲಸ ಹೇಳಿಕೊಡುವುದರಲ್ಲೇ ಹಂಗಾಮು ಮುಗಿಯುತ್ತದೆ. ನಮ್ಮಲ್ಲಿ ಓದಲು ಹತ್ತಿದವರು ಡಿಗ್ರಿ ಮುಗಿಯುವ ತನಕ ಅಲುಗುವುದಿಲ್ಲ. ಒಬ್ಬರಂತೂ ಕನ್ನಡ ಪೇಪರಿನಲ್ಲೇ ಮತ್ತೆ ಮತ್ತೆ ಫೇಲಾಗಿ ಎಷ್ಟೋ ವರ್ಷ ನಮ್ಮಲ್ಲೇ ಉಳಿದರು. ನನ್ನ ದೃಷ್ಟಿಯಲ್ಲಿ ಕಾಕಾರ ಯೋಜನೆಯಿಂದ ಕಂಪನಿಗೆ ಅತಿ ಹೆಚ್ಚು ಲಾಭ ಮಾಡಿಕೊಟ್ಟ ಮಹನೀಯರು ಅವರೇ!

ಕೋರ್ಟಿನ ಪ್ರಸಂಗವಾದ ಮೇಲೆ ನಾನು ಕಾಕಾರ ಮನೆಗೇ ಹೋಗಿ ಪಟ್ಟು ಹಿಡಿದೆ. "ದೊಡ್ಡ ದೊಡ್ಡ ಕಂಪನಿಯವ್ರು ಬಾಂಡ್ ಬರಸ್ಕೋತಾರ್ರಿ. ಓದಿದ ಮ್ಯಾಲ ಇಂತಿಷ್ಟು ವರ್ಷ ಇಲ್ಲೇ ದುಡೀಬೇಕು. ಬಿಟ್ಟು ಹೋದ್ರ ಫೀ ತಿರುಗಿ ಕೊಡಬೇಕು."

ಕಾಕಾರು ನನ್ನನ್ನು ದಿಟ್ಟಿಸಿ ನೋಡಿದರು. "ಎತ್ತಿಗೆ ಮೂಗುದಾಣ ಹಾಕ್ತಾರ. ಬಿ.ಕಾಂ.ಗೂ ಹಾಕ್ತಾರೇನು?"

ಒಳಗಿನಿಂದ ಚಿಗವ್ವ, ಅಂದರೆ ಕಾಕಾರ ಹೆಂಡತಿ, ಹೇಳಿದಳು: "ಸುಮ್ನಿರ ನನ್ನವ್ವಾ. ಹಾಕೂದಿದ್ರ ನಾ ಇವರಿಗೇ ಎಂದೋ ಹಾಕ್ತಿದ್ದೆ!"

ಹೀಗಿರುವಾಗ ರೇಣವ್ವನ ಸರದಿ ಬಂತು.

ರೇಣವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಮುಖ್ಯಸ್ಥೆ. ಅವಳು ಕಣ್ಣು ಬಿಟ್ಟರೆ ಶೆಡ್ಡಿಗೆ ಶೆಡ್ಡೇ ಮೌನ. ಅವಳು ಒಂದು ಹಾಡು ಎತ್ತಿಕೊಂಡರೆ ಚೀಲಗಳು ತಾವಾಗಿಯೇ ಖಾಲಿಯಾಗುತ್ತವೆ. ಪಿಯುಸಿ ಮುಗಿದ ವರ್ಷವೇ ಮದುವೆಯಾಗಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಗಳನ್ನು ಬೆಳೆಸಿ ಲಗ್ನ ಮಾಡಿಕೊಟ್ಟವಳು. ಮಗಳು ಗಂಡನ ಮನೆಗೆ ಹೋದ ಮೇಲೆ ಕಾಕಾರು ಅವಳಿಗೆ ಬಿ.ಎ. ಗಂಟು ಹಾಕಿದರು. ಪರೀಕ್ಷೆಗೆ ತಾವೇ ಕಾರಿನಲ್ಲಿ ಹಾವೇರಿಗೆ ಕರೆದೊಯ್ದು, ರೊಟ್ಟಿ ಬುತ್ತಿ ಹಿಡಿದು ಗೇಟಿನ ಹೊರಗೆ ಕಾದು ನಿಂತರು.

"ಮಗಳನ್ನ ಕರಕೊಂಡ ಬಂದೀರೇನ್ರಿ ಅಜ್ಜಾರ?" ಎಂದು ಕಾವಲುಗಾರ ಕೇಳಿದ.

"ಹೂಂ, ಅಲ್ಲಿ ಬಂದ್ಲು ನೋಡ್ರಿ" ಎಂದರು ಕಾಕಾರು. ಕಾವಲುಗಾರ ನೋಡುತ್ತಾನೆ, ತಲೆ ನರೆತ ಹೆಂಗಸೊಬ್ಬಳು ಸೆರಗು ಸಿಕ್ಕಿಸಿಕೊಂಡು, ಪ್ರಶ್ನೆಪತ್ರಿಕೆ ತೆಗೆದವರಿಗೆ ಬೈಯುತ್ತ ಬರುತ್ತಿದ್ದಾಳೆ!

ರೇಣವ್ವನೂ ಪಾಸಾದಳು. ಹಾವೇರಿಯ ಒಂದು ಖಾಸಗಿ ಶಾಲೆಯವರು ಹೆಣ್ಣುಮಕ್ಕಳ ವಸತಿ ನಿಲಯ ನೋಡಿಕೊಳ್ಳಲು ಅವಳನ್ನು ಕರೆದರು. ಅದೂ ಎಂಥ ಹೊತ್ತಿನಲ್ಲಿ? ಶೆಡ್ಡಿನಲ್ಲಿ ಚೀಲಗಳು ಸೂರು ಮುಟ್ಟಿದ ಹೊತ್ತಿನಲ್ಲಿ! ಹಂಗಾಮು ಮುಗಿಸಿ ಹೋಗು ಎಂದು ನಾನು ಕೈಮುಗಿದೆ. ಅವಳು ನನ್ನ ಮುಖ ನೋಡಿದಳು, ಕಾಕಾರ ಮುಖ ನೋಡಿದಳು.

"ಹುಡುಗ್ಯಾರು ದಾರಿ ಕಾಯ್ತಾರ, ಹೋಗು" ಎಂದುಬಿಟ್ಟರು ಕಾಕಾರು.

ಹೊರಡುವ ದಿನ ಅವಳನ್ನು ಬಿಟ್ಟುಬರಲು ಕಾರು ಓಡಿಸುವ ಪಾಳಿಯೂ ನನ್ನದೇ ಆಯಿತು. ಮೊದಲು ಕದರಮಂಡಲಗಿಗೆ ಹೋಗಿ ಹನುಮಪ್ಪನಿಗೆ ಕಾಯಿ ಒಡೆಸಿದೆವು. ಅಲ್ಲಿಂದ ಹಾವೇರಿಯವರೆಗೆ ಗೇರು ಹಾಕುವ ಸದ್ದಿನಲ್ಲೇ ನನ್ನ ಅಭಿಪ್ರಾಯ ತಿಳಿಸುತ್ತ ಹೋದೆ.

ವಸತಿ ನಿಲಯದ ಮುಂದೆ ಕಾರು ನಿಂತಿತು. ರೇಣವ್ವ ಟ್ರಂಕು ಇಳಿಸಿಕೊಂಡು ಕಾಕಾರ ಕಾಲಿಗೆ ನಮಸ್ಕರಿಸಿ ಗೇಟು ದಾಟಿದಳು. ಹುಡುಗಿಯರ ಗುಂಪೊಂದು ಓಡಿಬಂದು, "ನಮಸ್ತೇರಿ ಮೇಡಂ" ಎಂದಿತು. ರೇಣವ್ವ ಗಡಬಡಿಸಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬಂದ ಮೇಡಂ ಯಾರು ಎಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಕಾರಿನ ಹತ್ತಿರ ನಾವಿಬ್ಬರೇ ನಿಂತಿದ್ದೆವು. ಸ್ವಲ್ಪ ಹೊತ್ತು ನಮ್ಮನ್ನೇ ನೋಡಿದಳು. ಆಮೇಲೆ ತಿಳಿಯಿತು ಅಂತ ಕಾಣುತ್ತದೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಒಬ್ಬಳು ಟ್ರಂಕು ಹಿಡಿದಳು, ಇನ್ನೊಬ್ಬಳು ಕೈ ಹಿಡಿದಳು, ಒಳಗೆ ಕರೆದುಕೊಂಡು ಹೋದರು.

ಹೆದ್ದಾರಿಗೆ ಬಂದ ಮೇಲೂ ಕಾಕಾರು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು. ಬಿಟ್ಟು ಹೋದವರನ್ನು ಇಷ್ಟು ವರ್ಷ ನಗುತ್ತ, ಪೇಢೆ ಹಂಚುತ್ತ ಕಳಿಸಿದ ಮನುಷ್ಯ ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಏನಾತ್ರಿ ಕಾಕಾ?"

"ನಾಳೆ ಮುಂಜಾನೆ ಶೆಡ್ಡಿಗೆ ಹೋದ್ರ ಆಕಿ ಇರಂಗಿಲ್ಲವಾ" ಎಂದರು. "ಪರಸಪ್ಪ ಹೋದಾಗೂ ಹಿಂಗ ಆಗಿತ್ತು. ಮೆಹಬೂಬ ಹೋದಾಗಂತೂ ಕಾಟಾದ ಕಡೆ ಒಂದ ವಾರ ನಾ ಹಾಯಲಿಲ್ಲ. ಎಲ್ಲಾರೂ ಹೋಗಿಬಿಡ್ತಾರಲ್ಲ ಮಗಳ."

ಹೋದವರ ಬಗ್ಗೆ ಹೊಟ್ಟೆ ಉರಿದುಕೊಳ್ಳುವವಳು ನಾನೊಬ್ಬಳೇ ಎಂದು ತಿಳಿದಿದ್ದೆ. ಮೆಲ್ಲಗೆ ಕೇಳಿದೆ: "ಮತ್ಯಾಕ ಓದಿಸ್ತೀರಿ ಕಾಕಾ?"

"ಆಕಿ ಹೊಳ್ಳಿ ನೋಡಿದ್ಳಲ್ಲ, ಮೇಡಂ ಯಾರ ಬಂದ್ರಂತ..." ಎಂದು ಏನೋ ಹೇಳಹೊರಟರು. ಮತ್ತೆ ವಲ್ಲಿಯನ್ನು ಕಣ್ಣಿಗೆ ಒತ್ತಿಕೊಂಡರು.

ಮೋಟೆಬೆನ್ನೂರಿನ ಹತ್ತಿರ ಬ್ಯಾಡಗಿಯ ದಾರಿಗೆ ಹೊರಳಿದೆವು. ಕಾಕಾರು ಹಾಗೇ ಕುಗ್ಗಿ ಕೂತಿದ್ದರು. ನಾನು ರಸ್ತೆಯನ್ನೇ ನೋಡುತ್ತ ಹೇಳಿದೆ:

"ಪ್ಯಾಕಿಂಗಿನಾಗಿನ ಗಿರಿಜಾ ಪಿಯುಸಿ ಮುಗಿಸ್ಯಾಳಂತ್ರಿ. ಮುಂದ ಓದೂ ಮನಸೈತಿ, ನಿಮ್ಮನ್ನ ಕೇಳಾಕ ಹೆದರ್ತಾಳ."

ಕಾಕಾರು ನೆಟ್ಟಗೆ ಕೂತರು. "ಖರೇನ? ಎಷ್ಟೊತ್ತಿಗೆ ಬಿಡ್ತದ ಆಕಿ ಪಾಳಿ?"

"ಇನ್ನೇನು ಬಿಡೂ ಹೊತ್ತಾತ್ರಿ."

"ಮತ್ತ ಹಿಂಗ್ಯಾಕ ನಡಸ್ತೀವಾ? ಲಗೂ ಹೊಡಿ ಗಾಡಿ!"

ನಾನು ಲಗೂ ಹೊಡೆದೆ.