ನನ್ನ ಕೈ ಬೋಣಿಗಿ

ಮೊದಲ ಈ ಉಪ್ಪಿನ ಡಬ್ಬಿ ಮುಟ್ಟಿ ಆಣಿ ಮಾಡು ತಂಗಿ. ಯಾರ ಮುಂದೂ ಬಾಯಿ ಬಿಡಂಗಿಲ್ಲ ಅನ್ನು. ನಿನ್ನ ಗಂಡನ ಮುಂದೂ ಇಲ್ಲ, ಅಂವಾ ಚಹಾದಂಗಡ್ಯಾಗ ಕೂತಂದ್ರ ರೇಡಿಯೊ ಹಚ್ಚಿದಂಗ. ಮುಟ್ಟಿದ್ಯಾ? ಹಾಂ, ಈಗ ಬಾಗಲಾ ಒಂಚೂರು ಮುಂದ ಮಾಡಿ ಕೂಡು.

ಸಂತಿಗೆ ಹೋದ್ರ ನನಗ ಒಂದಿಲ್ಲೊಂದು ಆಗೂದ. ಮೂರನೇತ್ತಕ್ಕ ಸಾಲಿ ಬಿಟ್ಟಾಕಿ ನಾನು. ಉಳದದ್ದೆಲ್ಲಾ ಈ ನಮ್ಮ ಸಿಂದಗಿ ಸಂತ್ಯಾಗ ಕಲ್ತೇನಿ.

1. ಆಡು

ದಿನದ ಮೊದಲ ವ್ಯಾಪಾರಕ್ಕ ಬೋಣಿಗಿ ಅಂತಾರಲ್ಲ, ಹಿಂದೂ ಇರಲಿ ಮುಸಲ್ಮಾನ ಇರಲಿ, ಮಾರೋರಿಗೆಲ್ಲಾ ಅದರ ಮ್ಯಾಲ ಜೀಂವಾ. ಬೋಣಿಗಿ ಮಾಡಿದ ಕೈ ಚೊಲೊ ಇದ್ರ ದಿನಾ ಚೊಲೊ.

ಒಂದ ಮುಂಜಾನೆ ಬದನಿಕಾಯಿ ಮುತ್ತ್ಯಾನ ಕಡೆ ನಾನ ಮೊದಲ ಹೋದ್ನಿ. ಸುಮ್ಮ ತಗೊಂಡ ಬರಾಕಿ ಅಲ್ಲ ನಾನು. ಇದು ಹುಳಕ, ಅದು ಬಲತದ ಅಂತ ಅರ್ಧಾ ತಾಸು ಚೌಕಾಸಿ ಮಾಡಿದ್ನಿ. ಮುತ್ತ್ಯಾ ನನ್ನ ಕೂಡ ವಾದಾ ಮಾಡಕೋತ ಕುಂತಾನ, ಹಿಂದ ಒಂದ ಆಡು ಬಂದು ಅರ್ಧಾ ಬುಟ್ಟಿ ಬದನಿಕಾಯಿ ಮುಗಿಸ್ಯಾದ!

"ಎಂಥಾ ಕೈಯವ್ವಾ ನಿಂದು!" ಅಂತ ಇಡೀ ಸಂತಿ ಕೇಳೂವಂಗ ಒದರಿದ.

"ತಿಂದದ್ದು ಆಡು, ಕೈ ನಂದ್ಯಾಕ?" ಅಂದ್ನಿ.

"ಆಡು ದಿನಾ ಬರತೈತಿ. ನೀ ಇವತ್ತ ಬಂದಿ!"

2. ಪುಕ್ಕಟ ಹೀರಿಕಾಯಿ

ಅವತ್ತಿಂದ ಯಾರ ಬುಟ್ಟಿ ಮುಂದ ಕೂತ್ರೂ, "ಅಕ್ಕಾರ, ಮೊದಲ ಯಾರರ ಒಬ್ಬರ ತಗೊಳ್ಳಿ, ಆಮ್ಯಾಲ ನೀವು" ಅನ್ನಾಕತ್ತರು. ಗುಡಿ ಮುಂದ ಚಪ್ಪಲಿ ಕಾಯೂವಾಕಿ ಹಂಗ ನಿಂದರತಿದ್ನಿ.

ತಗಿ ಅತ್ತಾಗ ಅಂತ, ದೇವರ ಹಿಪ್ಪರಗಿಗೆ ನನ್ನ ಒಡಹುಟ್ಟಿದ ತಂಗಿ ಮನಿಗೆ ಹೋದಾಗ ಅಲ್ಲಿ ಸಂತಿಗೆ ಹೋದ್ನಿ. ಆದ್ರ ಸಂತಿ ಮಾಡೋರು ಊರೂರು ತಿರಗವರು, ನನ್ನ ಹೆಸರೂ ಅವರ ಚೀಲದಾಗ ಕೂತು ತಿರಗತಿತ್ತು. ಹೀರಿಕಾಯಿ ಮಾರಾಂವ ನನ್ನ ಗುರ್ತ ಹಿಡದು, ಮೆಲ್ಲಕ ಕರದ. ನಾಕ ಹೀರಿಕಾಯಿ ಪುಕ್ಕಟ ಚೀಲಕ್ಕ ಹಾಕಿದ.

"ಅಕ್ಕಾ, ಒಂದ ಉಪಕಾರ ಮಾಡ್ರಿ. ಅಗೋ ಎದರಿಗೆ ಬೆಂಡಿಕಾಯಿ ಹಚ್ಚ್ಯಾನಲ್ಲ, ನಮ್ಮ ಭಾವ, ನನ್ನ ಗಿರಾಕಿ ಎಲ್ಲಾ ಎಳಕೊಳ್ಳಾಕತ್ತಾನ. ಅವಂಗ ನೀವ ಬೋಣಿಗಿ ಮಾಡಿ ಬರ್ರಿ."

ಹೋದ್ನಿ. ಆ ಭಾವ ನನ್ನ ಕಂಡಾಂವನ ಕೈ ಮುಗದು, ಅರ್ಧಾ ಕಿಲೋ ಬೆಂಡಿಕಾಯಿ ಕೊಟ್ಟು ಹೀರಿಕಾಯಿ ಕಡೆ ವಾಪಸ್ ಕಳಸಿದ. ಹಿಂಗ ನಾಕ ಸಲ ಆ ಕಡೆ ಈ ಕಡೆ ತಿರಗಿದ್ನಿ ನೋಡು. ಒಂದ ವಾರ ನಮ್ಮ ಮನ್ಯಾಗ ಕಾಯಿಪಲ್ಲೆ ತರಲಿಲ್ಲ.

3. ಟಮಾಟಿ ಜಗಳ

ಈಗ ಆಣಿ ಮಾಡಿಸಿದ ಮಾತು. ನಮ್ಮ ಗ್ವಾಡಿ ಆಚಿ ಬೀಬಿ ಇದ್ದಾಳಲ್ಲ, ಇಷ್ಟ ವರ್ಷ ನೆಲದ ಮ್ಯಾಲ ತಾಡಪಾಲ ಹಾಸಿ ಕಾಯಿಪಲ್ಲೆ ಮಾರಿದಾಕಿ. ಮೊನ್ನೆ ಬಸ್‌ಸ್ಟ್ಯಾಂಡ ರಸ್ತಾಕ್ಕ ಒಂದ ಅಂಗಡಿ ಹಿಡದ್ಲು. ಶಟರ್ ಏನು, ಲೈಟ್ ಏನು! ಅಕಿ ಅತ್ತಿ ನನಗ ಮೊದಲ ಹೇಳಿದ್ಲು, "ಅಕ್ಕಾ, ಬ್ಯಾಸರ ಮಾಡಕೋಬ್ಯಾಡ, ಮೊದಲನೇ ದಿನ ಆ ಕಡೆ ಹಾಯಬ್ಯಾಡ." ಬೋಣಿಗಿಗೆ ಬುದ್ಧ ವಿಹಾರದ ಓಣಿ ಟೀಚರಬಾಯಿನ ಕರಸಿದ್ರು, ಕೈಗುಣಾ ಚೊಲೊ ಅಂತ. ಟೀಚರಬಾಯಿ, "ಕೈಯಾಗ ಏನೈತ್ರಿ, ಸಾಬಾನ ಹಚ್ಚಿ ತೊಳಕೊಂಡ ಬಂದೇನಿ ಅಷ್ಟ" ಅಂದು ಒಂದ ಕಟ್ಟ ಕೊತ್ತಂಬರಿ ತಗೊಂಡು, ಮುದ್ದೇಬಿಹಾಳ ಬಸ್ ಹತ್ತಿ ಹೋದ್ಲು.

ಮೂರ ದಿನಾ ಆತು, ಒಂದ ನರಪಿಳ್ಳಿ ಹಾಯಲಿಲ್ಲ. ಶಟರ್ ಅಂಗಡಿ, ತುಟ್ಟಿ ಇರತೈತಿ ಅಂತ ಮಂದಿ ದೂರಿಂದ ನೋಡಿ ಹೋಗಾಕತ್ತರು. ಪಲ್ಲೆ ಬಾಡಾಕತ್ತು. ವಾಪಸ್ ನೆಲಕ್ಕ ಹೋಗಬೇಕಂದ್ರ ಅಕಿ ಜಾಗಾದಾಗ ಬ್ಯಾರೆ ಯಾರೋ ತಾಡಪಾಲ ಹಾಸ್ಯಾರ. ಇಲ್ಲೂ ಇಲ್ಲ, ಅಲ್ಲೂ ಇಲ್ಲ.

ಅವತ್ತ ಸಂಜಿಕ ಗ್ವಾಡಿ ಮ್ಯಾಲಿಂದ ಬೀಬಿ ಕಣ್ಣ ಒರಸಿಕೊಂಡು ಅಂದ್ಲು, "ಅಕ್ಕಾ, ಚೊಲೊ ಕೈ ನೋಡಿದ್ದಾತು. ಇನ್ನ ನಿನ್ನ ಬಾಯಿ ನೋಡೂಣು."

ಇಬ್ಬರೂ ಕೂಡಿ ಮಸಲತ್ತ ಮಾಡಿದ್ವಿ. ಟಮಾಟಿ ಕಿಲೋಕ್ಕ ಇಪ್ಪತ್ತು ಅಂತ ಮೊದಲ ಠರಾವಾತು. ಮರದಿನ ಬಸ್ಸಿನ ಟೈಮಿಗೆ ಹೋಗಿ ಸುರು ಹಚ್ಚಿದ್ನಿ, "ಇಪ್ಪತ್ತಾ? ಟಮಾಟಿಯೋ ಬಂಗಾರೋ?"

"ನೆಲದ ಮ್ಯಾಲೂ ಇಪ್ಪತ್ತ, ಅಂಗಡ್ಯಾಗೂ ಇಪ್ಪತ್ತ! ಬೇಕಾದ್ರ ತಗೋ, ಬಿಟ್ರ ಬಿಡು!" ಅಂದ್ಲು ಬೀಬಿ.

ಸುಳ್ಳ ಜಗಳಾ ತಂಗಿ, ಆದ್ರ ರಂಗೇರಿತು. ಅಕಿ ಕೋಳಿ ನಮ್ಮ ಹಿತ್ತಲಾ ಕೆದರಿದ್ದು ನನಗ ನೆನಪಾತು, ನಾ ಒಯ್ದ ಇಡ್ಲಿ ಪಾತ್ರಿ ಅಕಿಗೆ ನೆನಪಾತು. "ಪಾತ್ರಿ ಕೊಡು ಮೊದಲ!" ಅಂದ್ಲು. ಅದು ಠರಾವಿನ್ಯಾಗ ಇದ್ದಿಲ್ಲ! ಮಂದಿ ಕೂಡಿತು. ಬಸ್ ನಿಂತತು, ಕಂಡಕ್ಟರ್ ಇಳದ ಬಂದ. "ಬಿಡ್ರೆವ್ವಾ, ಸಂತ್ಯಾಗೂ ಇಪ್ಪತ್ತ ಐತಿ, ಅಕಿ ಖರೇ ಹೇಳಾಕತ್ತಾಳ" ಅಂತ ತಾನ ಎರಡ ಕಿಲೋ ತೂಗಿಸಿದ. ಅಂವಾ ತಗೊಂಡದ್ದ ನೋಡಿ ಇಂಡಿಗೆ ಹೋಗೂ ಮಂದಿ ತಗೊಂತು, ಅವರನ್ನ ನೋಡಿ ಓಣಿ ಮಂದಿ. ಮಧ್ಯಾಹ್ನದಾಗ ಅಂಗಡಿ ಖಾಲಿ! ನನಗ ಟಮಾಟಿನೂ ಉಳಿಲಿಲ್ಲ.

ಅಕಿ ಅತ್ತಿ ನನ್ನ ಎರಡೂ ಕೈ ಹಿಡದು ಕಣ್ಣಿಗೆ ಒತ್ತಿಕೊಂಡ್ಲು. "ಏನ ಕೈಗುಣಾ ಅಕ್ಕಾ ನಿಂದು! ದಿನಾ ನೀನ ಬಾ!" ಬೀಬಿ ಹಿಂದ ನಿಂತು ಸೆರಗ ಬಾಯಾಗ ಇಟಗೊಂಡಿದ್ಲು. ದಿನಾನೂ ಹೋಗಾಕತ್ತೇನಿ. ಪಾತ್ರಿ ಇನ್ನೂ ಕೊಟ್ಟಿಲ್ಲ, ಜಗಳಕ್ಕ ಏನರ ಬೇಕಲ್ಲ.

ಈಗ ಬ್ಯಾರೆದವರೂ ಬೋಣಿಗಿಗೆ ಕರ್ಯಾಕತ್ತಾರ. ನಿನ್ನೆ ಬಾಗೇವಾಡಿಂದ ಒಬ್ಬಾಂವ ಹೂವಿನ ಅಂಗಡಿಗೆ ನನ್ನ...

ಸುಮ್ಮನಿರು! ಬಾಗಲಾ ಬಡ್ಯಾಕತ್ತಾರ. ಸಂದಿನಾಗ ನೋಡು, ಯಾರು? ಯವ್ವಾ, ಬದನಿಕಾಯಿ ಮುತ್ತ್ಯಾ! ಬುಟ್ಟಿ ಹೊತಗೊಂಡ ಬಂದಾನ, ಬೋಣಿಗಿ ಆಗಿಲ್ಲ ಕಾಣತೈತಿ. ನೋಡು, ಜಗಳದ ಮಾತು ಉಪ್ಪಿನ ಡಬ್ಬಿ ದಾಟಬಾರದು.

"ಬಂದ್ನಿ ಮುತ್ತ್ಯಾ, ಬಂದ್ನಿ! ಮೊದಲ ಹೇಳು, ಆಡು ಕಟ್ಟಿ ಬಂದೀಯೇನು?"