ಹುಂಜಕ್ಕೊಂದು ಸಂವಿಧಾನ

ಸಭೆಯ ವಿಷಯಗಳೆಲ್ಲ ಅಚ್ಚಾಗಿ ಬರುವ ಊರಿನ ವಾರ್ಷಿಕ ವರದಿಯನ್ನು ಓದದೆ ಒಲೆಗೆ ಹಾಕಿದ್ದೇ ಆನ್ಸೆಲ್ ವಿಟ್ಕಮ್ ಮಾಡಿದ ತಪ್ಪು. ಮಾರ್ಚ್ ತಿಂಗಳ ಮೊದಲ ಮಂಗಳವಾರ, ಅಮೆರಿಕದ ವರ್ಮಾಂಟ್ ರಾಜ್ಯದ ಊರುಗಳಲ್ಲೆಲ್ಲ ಜನರೇ ಸೇರಿ ಮತ ಹಾಕುವ ಊರಸಭೆ. ಬೆಳಿಗ್ಗೆ ಕಾಫಿಗೆಂದು ಅಂಗಡಿಗೆ ಹೋದವನಿಗೆ ಅಲ್ಲಿದ್ದವರು ಸುದ್ದಿ ಮುಟ್ಟಿಸಿದರು: ಇವತ್ತಿನ ಒಂಬತ್ತನೇ ವಿಷಯ ಹುಂಜದ್ದಂತೆ, ಸಹಿ ಹಾಕಿಸಿ ಅದನ್ನು ಸಭೆಗೆ ತಂದವಳು ಪಕ್ಕದ ಮನೆಯ ಮರ್ಟಲ್ ಅಂತೆ.

ಊರೊಳಗೆ ಹುಂಜ ಅಂತ ಇದ್ದದ್ದು ಒಂದೇ, ಆನ್ಸೆಲ್‌ನದು. ತೀರಿಕೊಂಡ ಹೆಂಡತಿ ಅದನ್ನು ಮರಿಯಿಂದ ಸಾಕಿದ್ದಳು. ಅವಳು ಹೋದ ಮೇಲೆ ಆ ಮನೆಯಲ್ಲಿ ಇವನನ್ನು ಎಬ್ಬಿಸುವ ದನಿ ಅದೊಂದೇ. ಅದೂ ಹೋದರೆ ಗತಿಯೇನು? ನಸುಕಿನಲ್ಲೇ ಅರಚುತ್ತದೆಂದು ಮರ್ಟಲ್ ಒಮ್ಮೆ ಗೊಣಗಿದ್ದು ನೆನಪಾಗಿ ಮೈಯೆಲ್ಲ ಉರಿಯಿತು.

ಬಹುಮತ ಅವಳದೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಅವಳ ಕೈಯ ಸೇಬಿನ ಪೈ ತಿನ್ನದವರು ಊರಲ್ಲಿ ಯಾರಿದ್ದಾರೆ? ಆ ಬಹುಮತಕ್ಕೇ ಮೂಗುದಾರ ಹಾಕಬೇಕು ಎಂದುಕೊಂಡು ಆನ್ಸೆಲ್ ಶಾಲೆಯಲ್ಲಿ ಓದಿದ್ದನ್ನೆಲ್ಲ ದಾರಿಯುದ್ದಕ್ಕೂ ನೆನಪು ಮಾಡಿಕೊಂಡ.

ಸಭೆ ನಡೆಸುವ ಎಲ್ವಿನ್, ರಸ್ತೆಯ ಹಿಮ ತೆಗೆಯುವ ಮಾತೆತ್ತಿದಾಗಲೇ ಇವನು ಸರದಿ ತಪ್ಪಿ ಎದ್ದು ನಿಂತು ಬೈಸಿಕೊಂಡ. ಎರಡನೇ ಸಲ ಎದ್ದಾಗ ಅವಕಾಶ ಸಿಕ್ಕಿತು. ಸಿಕ್ಕಿದ್ದೇ ತಡ, ಶುರು ಹಚ್ಚಿಕೊಂಡ. ಸಂವಿಧಾನ ಬರೆಯಲು ಫಿಲಡೆಲ್ಫಿಯಾದಲ್ಲಿ ಬೇಸಿಗೆಯಿಡೀ ಕಿಟಕಿ ಮುಚ್ಚಿಕೊಂಡು ಬೆವರಿದ ಹಿರಿಯರು ರಾಜನಿಗೆ ಎಷ್ಟು ಹೆದರಿದ್ದರೋ ಗುಂಪಿಗೂ ಅಷ್ಟೇ ಹೆದರಿದ್ದರು. ಅದಕ್ಕೇ ಕಾನೂನು ಮಾಡುವವರು, ನಡೆಸುವವರು, ತೀರ್ಪು ಹೇಳುವವರು ಎಂದು ಅಧಿಕಾರವನ್ನು ಮೂರು ಪಾಲು ಮಾಡಿದರು. ಸಂವಿಧಾನದ ಒಂದಕ್ಷರ ತಿದ್ದಬೇಕಾದರೂ ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು, ಆಮೇಲೆ ನಾಲ್ಕನೇ ಮೂರರಷ್ಟು ರಾಜ್ಯಗಳು. ನಮ್ಮೂರಿನ ಕಾನೂನೇನು ಬಿಟ್ಟಿ ಬಿದ್ದಿದೆಯೇ? ಇವತ್ತಿನಿಂದ ಇಲ್ಲೂ ಯಾವ ನಿರ್ಣಯಕ್ಕಾದರೂ ಮೂರನೇ ಎರಡರಷ್ಟು ಮತ ಬೇಕು ಎಂದ.

ಹಿಂದಿನ ಸಾಲಿನಿಂದ ಮರ್ಟಲ್ ಅವನ ಕೋಟು ಜಗ್ಗಿದಳು. "ಆನ್ಸೆಲ್, ಸುಮ್ನೆ ಕೂತ್ಕೋ ಮಾರಾಯ. ನಿಂಗೇ ತೊಂದ್ರೆ ಆಗತ್ತೆ."

"ನಂಗೆ ತೊಂದ್ರೆ ಕೊಡೋರು ಯಾರು ಅಂತ ಚೆನ್ನಾಗ್ ಗೊತ್ತು."

ಅವಳು ಬಾಯಿ ತೆರೆದಳು. ಈಗ ಮಾತಿನ ಸರದಿ ನನ್ನದು ಎಂದು ಆನ್ಸೆಲ್ ತಕರಾರು ತೆಗೆದ, ಎಲ್ವಿನ್ ಹೌದೆಂದ. ಜನ ಚಪ್ಪಾಳೆ ತಟ್ಟಿ ಅವನ ಸೂಚನೆಯನ್ನು ಒಪ್ಪಿಬಿಟ್ಟರು. ಊಟದ ಹೊತ್ತಿನಲ್ಲಿ ಮರ್ಟಲ್ ಪೈ ಹಿಡಿದು ಹತ್ತಿರ ಬಂದರೆ ಇವನು ಬೆನ್ನು ತಿರುಗಿಸಿ ಬೀನ್ಸ್ ತಿಂದ.

ಆಮೇಲೆ ಎಲ್ವಿನ್ ಒಂಬತ್ತನೇ ವಿಷಯ ಓದಿದ. ಊರೊಳಗೆ ಹುಂಜ ಸಾಕಕೂಡದು ಎಂಬ ಅಜ್ಜಂದಿರ ಕಾಲದ ಕಾನೂನನ್ನು ರದ್ದು ಮಾಡಬಹುದೇ?

ಆನ್ಸೆಲ್ ಹಿಂದಿನ ಸಾಲಿನ ಕಡೆ ತಿರುಗಿದ. ಮರ್ಟಲ್ ಎದ್ದು ವಿವರಿಸಿದಳು: ಹಳೇ ಗಿರಣಿ ಮನೆ ಕೊಂಡ ಹೊಸಬರು ಯಾರಿಗೂ ನೆನಪಿಲ್ಲದ ಆ ಕಾನೂನನ್ನು ಹುಡುಕಿ ತೆಗೆದು ದೂರು ಕೊಟ್ಟಿದ್ದಾರೆ, ಪಾಪದವನ ಹುಂಜ ಉಳಿಯಲಿ ಎಂದು ತಾನೇ ಮನೆಮನೆ ತಿರುಗಿ ಸಹಿ ಹಾಕಿಸಿದ್ದು. ಹೇಳುವಾಗ ಅವಳು ಇವನ ಕಡೆ ನೋಡಲೇ ಇಲ್ಲ.

ಅರ್ಧಕ್ಕಿಂತ ಎಷ್ಟೋ ಹೆಚ್ಚು ಜನ ಹುಂಜದ ಪರವಾಗಿ ಎದ್ದು ನಿಂತರು. ಮೂರನೇ ಎರಡಕ್ಕೆ ನಾಲ್ಕು ಮತ ಕಡಿಮೆ ಬಿತ್ತು.

"ನನ್ ಸೂಚನೆ ವಾಪಸ್ ತಗೋತೀನಿ," ಎಂದ ಆನ್ಸೆಲ್.

"ತಗೋಬಹುದು," ಎಂದ ಎಲ್ವಿನ್. "ಅದಕ್ಕೂ ಮೂರನೇ ಎರಡರಷ್ಟು ಮತ ಬೇಕು."

ಮತ್ತೆ ಎಣಿಸಿದರು. ಕೂತಿದ್ದವರು ಕೂತೇ ಇದ್ದರು, ಅವೇ ನಾಲ್ಕು ಮತ ಕಡಿಮೆಯಾದವು.

ಉಳಿದದ್ದು ಹತ್ತನೇ ವಿಷಯ. ಸಾಕಬಾರದ ಪ್ರಾಣಿಗಳನ್ನು ಹಿಡಿದು ಊರಾಚೆ ಸಾಗಿಸುವ ದೊಡ್ಡಿ ಕಾವಲುಗಾರನ ಆಯ್ಕೆ. ಸಂಬಳವಿಲ್ಲದ ಆ ಹುದ್ದೆಯನ್ನು ಪ್ರತಿವರ್ಷ ಯಾರಾದರೊಬ್ಬರ ತಲೆಗೆ ಕಟ್ಟುವುದೇ ವಾಡಿಕೆ. ಇಷ್ಟೊಂದು ಕಾನೂನು ಬಲ್ಲವನನ್ನು ಬಿಟ್ಟು ಬೇರೆ ಯಾರನ್ನು ಮಾಡೋಣ ಎಂದು ಹಿಂದಿನಿಂದ ಯಾರೋ ಆನ್ಸೆಲ್‌ನ ಹೆಸರು ಹೇಳಿದರು. ಈ ಸಲ ಮತಕ್ಕೆ ಕೊರತೆಯೇ ಆಗಲಿಲ್ಲ. ಗಿರಣಿ ಮನೆಯವರೂ ಎದ್ದು ನಿಂತರು.

ಎಲ್ವಿನ್ ಮುಂದೆ ಕರೆದ. ಆನ್ಸೆಲ್ ಬಲಗೈ ಎತ್ತಿ, ಅಮೆರಿಕದ ಸಂವಿಧಾನವನ್ನು ಎತ್ತಿಹಿಡಿಯುತ್ತೇನೆ, ಊರು ವಹಿಸಿದ ಕೆಲಸವನ್ನು ಯಾರ ಮುಲಾಜೂ ನೋಡದೆ ಮಾಡುತ್ತೇನೆ ಎಂದು ಪ್ರಮಾಣ ಮಾಡಿ, ಹುಂಜ ಹಿಡಿಯಲು ಮನೆಗೆ ಹೊರಟ.