ಕಂಪೈಲರ್‌ಗೆ ಬಂದ ಪ್ರಶ್ನೆಪತ್ರಿಕೆ

ಕೆಲವು ಮನೆಗಳಲ್ಲಿ ನೆಂಟರು ಬಂದ ದಿನವೇ ಹಾಲು ಒಡೆಯುತ್ತದೆ. ಎಂಬತ್ತರ ದಶಕದಲ್ಲಿ ಜಯನಗರದ ಒಂದು ಮಹಡಿ ಮೇಲಿದ್ದ ನಮ್ಮ ಕಂಪನಿಯ ಹಣೆಬರಹವೂ ಅದೇ. ನಾವು ಐದಾರು ಜನ ಸೇರಿ ಪ್ಯಾಸ್ಕಲ್ ಎಂಬ ಕಂಪ್ಯೂಟರ್ ಭಾಷೆಗೆ ಕಂಪೈಲರ್ ಬರೆಯುತ್ತಿದ್ದೆವು. ಅಂದರೆ, ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಸಿ ಹೇಳುವ ದುಭಾಷಿ. ದೆಹಲಿಯ ಕಚೇರಿಯೊಂದು ಕಾಲೇಜುಗಳಿಗಾಗಿ ಅದನ್ನು ಕೊಳ್ಳಲು ಒಪ್ಪಿತ್ತು. ಭಾಷೆಯ ನಿಯಮಗಳನ್ನೆಲ್ಲ ಅದು ಪಾಲಿಸುತ್ತದೆಂದು ಪರೀಕ್ಷೆಯಲ್ಲಿ ತೋರಿಸಬೇಕು, ಅಷ್ಟೇ. ಆರ್ಡರ್ ಸಿಗದಿದ್ದರೆ ಕಂಪನಿಗೆ ಬೀಗ. ಪರೀಕ್ಷೆಯ ಪ್ರೋಗ್ರಾಮುಗಳು ವಿದೇಶದಿಂದ ಒಂದು ಟೇಪಿನಲ್ಲಿ ಬರಬೇಕಿತ್ತು.

ಕಸ್ಟಮ್ಸ್ ಕಟ್ಟೆ

ಟೇಪು ಬಂತು, ಬಂದು ಕಸ್ಟಮ್ಸ್‌ನಲ್ಲಿ ಕೂತಿತು. ಬಿಡಿಸಿಕೊಳ್ಳಲು ಕಂಪನಿಯ ಯಜಮಾನರ ಜೊತೆ ನಾನೂ ಹೋದೆ.

"ಏನಿದೆ ಇದರಲ್ಲಿ? ಸಿನಿಮಾ ಹಾಡಾ?" ಎಂದರು ಅಧಿಕಾರಿ.

"ಇಲ್ಲ ಸಾರ್, ನಮ್ಮ ಕಂಪೈಲರ್‌ಗೆ ಪರೀಕ್ಷೆ ಇದೆ. ಅದರ ಪ್ರಶ್ನೆಗಳು," ಎಂದರು ಯಜಮಾನರು.

"ಪರೀಕ್ಷೆ ಯಾವಾಗ?"

"ಇನ್ನೂ ಟೈಮಿದೆ ಸಾರ್."

"ಪ್ರಶ್ನೆಪತ್ರಿಕೆ ಈಗ್ಲೇ ನಿಮ್ಮ ಕೈಗಾ? ಇದನ್ನ ಲೀಕ್ ಅನ್ನಲ್ವೇನ್ರೀ?"

ಸುತ್ತಲಿದ್ದವರೆಲ್ಲ ನಮ್ಮನ್ನೇ ನೋಡಿದರು. ಎಲ್ಲರಿಗೂ ಮೊದಲೇ ಕೊಡುವುದೇ ಪದ್ಧತಿ ಎಂದು ಯಜಮಾನರು ವಿವರಿಸಿದಷ್ಟೂ ನಾವು ಕಳ್ಳರಂತೆ ಕಂಡೆವು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಕೊನೆಗೆ ಅಧಿಕಾರಿ ಮುದ್ರೆ ಒತ್ತಿ ದನಿ ತಗ್ಗಿಸಿದರು.

"ನಮ್ಮ ಮಗಂದು ಈ ಸಲ ಎಸ್ಸೆಸ್ಸೆಲ್ಸಿ. ಅದರದ್ದೂ ಎಲ್ಲಾದ್ರೂ ಸಿಗುತ್ತಾ?"

ಆಯುಧಪೂಜೆ

ಟೇಪಿನ ಇನ್ನೊಂದು ಪ್ರತಿ ಮಾಡಿಕೊಳ್ಳುವ ಮೊದಲೇ ಆಯುಧಪೂಜೆ ಬಂತು. ಯಂತ್ರಗಳಿಗೆಲ್ಲ ಬೊಟ್ಟಿಟ್ಟ ಯಜಮಾನರ ತಾಯಿಗೆ ಡಬ್ಬಿಯೊಳಗಿನ ಟೇಪು ಕಂಡು ಕನಿಕರವಾಯಿತು. "ಅಷ್ಟು ದೂರದಿಂದ ಬಂದಿದೆ, ಪಾಪ," ಎಂದು ಅದನ್ನು ಹೊರಗೆ ತೆಗೆದು, ಗೇಣುದ್ದ ಎಳೆದು, ಅರಿಶಿನ ಕುಂಕುಮ ಕಲಸಿ ಭಕ್ತಿಯಿಂದ ಹಚ್ಚಿದರು. ಮರುದಿನ ಮೆಷಿನ್ ಒಂದಕ್ಷರ ಓದಲಿಲ್ಲ. ಹೆತ್ತ ತಾಯಿಯನ್ನು ಯಜಮಾನರು ಬೈಯುವುದಾದರೂ ಹೇಗೆ?

ಅದೇ ಪರೀಕ್ಷೆಗೆ ಓದುತ್ತಿದ್ದ ಇನ್ನೊಂದು ಕಂಪನಿ ಜೆ.ಪಿ. ನಗರದಲ್ಲಿತ್ತು. ನಮ್ಮ ಪ್ರತಿಸ್ಪರ್ಧಿಗಳು. ಅವರ ಬಾಗಿಲಿಗೇ ಹೋಗಿ ಟೇಪು ಬೇಡಬೇಕಾಯಿತು. ಕಾರಣ ಹೇಳುವಾಗ ನಾನು ನನ್ನ ಚಪ್ಪಲಿಯನ್ನೇ ನೋಡುತ್ತಿದ್ದೆ. ಅವರು ನಗಲಿಲ್ಲ. ಟೇಪು ತಂದುಕೊಟ್ಟರು.

"ಪೂಜೆ ನಾವೂ ಮಾಡಿದ್ವಿ ಸಾರ್. ಆದ್ರೆ ಡಬ್ಬಿಗೆ."

ಮೈಸೂರ್ ಪಾಕ್

ನಮ್ಮ ಯಜಮಾನರಿಗೆ ಒಂದು ಸಂಕೋಚ. ಬಂದವರ ಎದುರು ಪರದೆಯ ಮೇಲೆ ತಪ್ಪು ಎಂದು ಬಂದರೆ ಅವರ ಮುಖವೇ ಸಣ್ಣಗಾಗುತ್ತಿತ್ತು. "ಮನೆಗೆ ಬಂದವರಿಗೆ ನೀವು ಸರಿಯಿಲ್ಲ ಅಂತ ಹೇಳ್ತೀವೇನ್ರಯ್ಯ? ಅರ್ಥ ಆಗದ ಸಾಲು ಬಂದ್ರೆ ಸುಮ್ನೆ ನುಂಗ್ಕೊಂಡು ಮುಂದಕ್ಕೆ ಹೋಗ್ಲಿ," ಎನ್ನುತ್ತಿದ್ದರು. ಕಂಪೈಲರ್‌ಗೆ ನಾವು ಅದೇ ಸಂಸ್ಕಾರ ಕೊಟ್ಟೆವು.

ದೆಹಲಿಯಿಂದ ಪರೀಕ್ಷಕಿ ಬಂದರು, ಕನ್ನಡದವರೇ. ಟೇಪು ಓಡಿತು. ಮೊದಲಿಂದ ಕೊನೆಯವರೆಗೆ ಎಲ್ಲ ಪ್ರೋಗ್ರಾಮೂ ಪಾಸ್. ಯಜಮಾನರು ಅಲ್ಲೇ ಮೈಸೂರ್ ಪಾಕ್ ಡಬ್ಬಿ ಬಿಚ್ಚಿ ಹಂಚಿದರು. ಅವರ ತಾಯಿ ಕೆಳಗೆ ಈಡುಗಾಯಿ ಒಡೆದ ಸದ್ದೂ ಕೇಳಿಸಿತು.

ಮೇಡಂ ಮೈಸೂರ್ ಪಾಕ್ ಕೈಯಲ್ಲೇ ಹಿಡಿದಿದ್ದರು. "ಎಲ್ಲಾ ಪಾಸಾ? ಇದರಲ್ಲಿ ಎಷ್ಟೋ ಪ್ರೋಗ್ರಾಂ ಬೇಕಂತಲೇ ತಪ್ಪು ಬರೆದಿರೋವು ಸಾರ್. ಅವನ್ನ ನಿಮ್ಮ ಕಂಪೈಲರ್ ಹಿಡಿದು ವಾಪಸ್ ಕಳಿಸ್ಬೇಕಿತ್ತು."

ಪರೀಕ್ಷೆಯಲ್ಲಿ ಫೇಲ್ ಮಾಡುವುದೂ ಒಂದು ಉತ್ತರವೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮೇಡಂ ಕೀಬೋರ್ಡ್ ಹತ್ತಿರ ಎಳೆದುಕೊಂಡು, ಡಬ್ಬಿಯ ಮುಚ್ಚಳ ನೋಡುತ್ತಾ, ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರು: ಮೈಸೂರ್ ಪಾಕ್, ಅರ್ಧ ಕೆಜಿ, ತುಪ್ಪದ್ದು.

ಕಂಪೈಲರ್ ನುಂಗಿಕೊಂಡಿತು. ತಪ್ಪುಗಳು ಇಲ್ಲ, ಪಾಸ್ ಎಂದಿತು.

ಯಜಮಾನರು ತಲೆ ತಗ್ಗಿಸಿಕೊಂಡೇ ಕೇಳಿದರು.

"ಆರ್ಡರ್, ಮೇಡಂ?"

"ಇದನ್ನ ರನ್ ಮಾಡಿ ಸಾರ್. ಅರ್ಧ ಕೆಜಿ ಬಂದ್ರೆ ಕೊಡಿಸ್ತೀನಿ."